ಅಣ್ಣನ ಕೈಗೆ ಬಗ್ಗದ ಸ್ಟಿಯರಿಂಗು

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನು ನಾನು. ದೆವ್ವ, ದೃಷ್ಟಿ, ಶಾಪ ಎಂದವರನ್ನೆಲ್ಲ ಮುಖಕ್ಕೆ ಹೊಡೆದ ಹಾಗೆ ಗೇಲಿ ಮಾಡಿದ್ದೇನೆ. ಈಗಲೂ ನಂಬುತ್ತೇನೆ ಅಂತಲ್ಲ. ಆದರೆ ಒಂದು ಹಾಳು ಕಾರಿನ ವಿಷಯ ಬಂದರೆ ಬಾಯಿ ಕಟ್ಟಿಹೋಗುತ್ತದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಗುವುದಾದರೆ ನಕ್ಕುಬಿಡಿ.

ಅರವತ್ತರ ದಶಕದ ಶುರು. ಅಪ್ಪ ತೀರಿಕೊಂಡ ಮೇಲೆ ಅಣ್ಣನೂ ನಾನೂ ಕೃಷ್ಣಮೂರ್ತಿಪುರದ ಮನೆಯನ್ನು ನಡುವೆ ಗೋಡೆ ಹಾಕಿ ಪಾಲು ಮಾಡಿಕೊಂಡೆವು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಅಪ್ಪನ ಕಾರನ್ನು ಸೀಳುವುದು ಹೇಗೆ? ಒಂದು ವಾರ ಅಣ್ಣನಿಗೆ, ಒಂದು ವಾರ ನನಗೆ ಎಂದಾಯಿತು. ನಮ್ಮಿಬ್ಬರ ನಡುವೆ ಮಾತಿರಲಿಲ್ಲ, ಏನಿದ್ದರೂ ಚೀಟಿ. ಕಾರಿನ ಮುಂದಿನ ಸ್ಪ್ರಿಂಗ್ ಪಟ್ಟಿಗಳು ಕುಸಿದು ಗುಂಡಿ ಸಿಕ್ಕಿದಾಗಲೆಲ್ಲ ಮೈಮೂಳೆ ಅಲ್ಲಾಡುತ್ತಿತ್ತು. ಹೊಸ ಪಟ್ಟಿ ಹಾಕಿಸಿ, ಹೊಸ ಮಾದರಿ ಶಾಕ್ ಅಬ್ಸಾರ್ಬರ್ ಕೂರಿಸೋಣ ಎಂದು ನಾನು ಬರೆದಿಟ್ಟರೆ, ಅಪ್ಪನ ಗಾಡಿ ಮುಟ್ಟಬೇಡ ಎಂದು ಅಣ್ಣ ಅದೇ ಚೀಟಿಯ ಹಿಂದೆ ಗೀಚಿಟ್ಟ. ನನಗೂ ಹಟ ಬಂತು. ನನ್ನ ವಾರದಲ್ಲೇ ಕೆಸರೆಯ ಪುಟ್ಟಸ್ವಾಮಿ ಮೇಸ್ತ್ರಿಯ ಷೆಡ್ಡಿಗೆ ತಂದು ಬಿಟ್ಟೆ.

ಪುಟ್ಟಸ್ವಾಮಿ ಕೆಲಸದಲ್ಲಿ ರಾಕ್ಷಸ. ಆಗ ಚಕ್ರಗಳ ನೇರ ನೋಡುವ ಅಲೈನ್‌ಮೆಂಟಿಗೆ ಅವನಲ್ಲಿ ಯಂತ್ರವಿರಲಿಲ್ಲ. ಜಾಕಿ ಕೊಟ್ಟು ಚಕ್ರ ತಿರುಗಿಸಿ, ಟೈರಿಗೆ ಸೀಮೆಸುಣ್ಣ ಬಳಿದು, ಅದರ ಮೇಲೆ ಮೊಳೆಯಿಂದ ಗೆರೆ ಎಳೆದು, ಎರಡು ಚಕ್ರಗಳ ಗೆರೆಗಳ ನಡುವಿನ ದೂರವನ್ನು ಮುಂದೊಮ್ಮೆ ಹಿಂದೊಮ್ಮೆ ಬಿದಿರು ಕಡ್ಡಿಯಿಂದ ಅಳೆದ. ನಾನೂ ಸ್ಕೂಲಿನ ಅಳತೆಪಟ್ಟಿ ತಂದು ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮಾರನೆಯ ದಿನವೇ ಆಯುಧಪೂಜೆ. ಷೆಡ್ಡಿನ ಗಾಡಿಗಳಿಗೆಲ್ಲ ಪೂಜೆ ಮಾಡಲು ಬಂದಿದ್ದ ಪುರೋಹಿತರು ಸಂಕಲ್ಪಕ್ಕೆ ಯಜಮಾನರ ಹೆಸರು, ನಕ್ಷತ್ರ ಕೇಳಿದರು. ಇಬ್ಬರದೂ ಹೇಳಿ ಎಂದು ಮೇಸ್ತ್ರಿ ನೆನಪಿಸಿದ. ನಾನು ನನ್ನದೊಂದೇ ಹೇಳಿದೆ. ಪೂಜೆಯಲ್ಲೇ ನಂಬಿಕೆಯಿಲ್ಲದವನಿಗೆ ಯಾರ ಹೆಸರಾದರೇನು? ಆದರೂ ಅಣ್ಣನ ಹೆಸರು ಬಿಟ್ಟಾಗ ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ.

ಹಬ್ಬ ಕಳೆದು ಅಣ್ಣನ ವಾರ ಬಂತು. ಬೆಳಿಗ್ಗೆ ಹೊರಟವನು ಹತ್ತೇ ನಿಮಿಷಕ್ಕೆ ಎಡಗಡೆಯ ಮಡ್‌ಗಾರ್ಡ್ ಜಜ್ಜಿಸಿಕೊಂಡು ವಾಪಸು ಬಂದ. ಎರಡು ವರ್ಷದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು: "ನನ್ನ ಸಾಯ್ಸಕ್ಕೇ ರಿಪೇರಿ ಮಾಡ್ಸಿದ್ಯೇನೋ?"

ಗಾಡಿ ಎಡಕ್ಕೆ ಎಳೆದು ಮೋರಿಗೆ ನುಗ್ಗಿತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಓಡಿಸಲು ಬಾರದವನ ನೆಪ ಎಂದು ಬೈದು, ಅವನನ್ನೂ ಕೂರಿಸಿಕೊಂಡು ಕೆಸರೆಗೆ ನಾನೇ ಓಡಿಸಿದೆ. ದಾರಿಯುದ್ದಕ್ಕೂ ಎಲ್ಲೂ ಎಳೆಯಲಿಲ್ಲ. ಮೇಸ್ತ್ರಿ ಓಡಿಸಿದಾಗಲೂ ನೇರ ಹೋಯಿತು.

ಆಮೇಲೆ ಅಣ್ಣ ಕೂತ. ನಾನು ಪಕ್ಕದಲ್ಲಿ, ಮೇಸ್ತ್ರಿ ಹಿಂದೆ. ಊರು ದಾಟಿದ ಮೇಲೆ ನೇರ ರಸ್ತೆ, ನಡುಹಗಲು, ಎದುರಿಗೆ ಒಂದು ಎತ್ತಿನ ಗಾಡಿಯೂ ಇಲ್ಲ. ನಾನು ಕಣ್ಣಾರೆ ನೋಡಿದೆ. ಅಣ್ಣ ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದಿದ್ದಾನೆ, ಗಾಡಿ ಮಾತ್ರ ಎಡಕ್ಕೆ, ಹೊಂಗೆಮರದ ಕಡೆಗೆ ಹೋಗುತ್ತಿದೆ. ಬ್ರೇಕು ಒತ್ತಲೂ ಅವನಿಗೆ ತೋಚಲಿಲ್ಲ. ನಾನು ಕೈ ಚಾಚಿ ಸ್ಟಿಯರಿಂಗ್ ಹಿಡಿದೆ. ತಿರುಗಿಸಲಿಲ್ಲ, ಬರೀ ಹಿಡಿದೆ. ಗಾಡಿ ತಾನಾಗಿ ರಸ್ತೆಗೆ ಬಂತು.

ಮೇಸ್ತ್ರಿ ಇಳಿದು ಅಲ್ಲೇ ಇನ್ನೊಂದು ಸಲ ಅಳೆದ. ಅಳತೆ ಸರಿಯಾಗಿತ್ತು. ಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿ, "ಅವತ್ತು ಇಬ್ರು ಎಸ್ರೂ ಏಳ್ಬೇಕಾಗಿತ್ತು ಸ್ವಾಮಿ," ಅಂದ.

ಅಣ್ಣನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಕಲ್ಪದಲ್ಲಿ ತನ್ನ ಹೆಸರು ಬಿಟ್ಟದ್ದು ನಿಜವೇ ಎಂದು ಕೇಳಿದ. ನಿಜ ಎಂದೆ. ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಬಿಸಿಲಲ್ಲಿ ನಡೆದೇ ಹೋದ. ಮತ್ತೆ ಆ ಕಾರು ಹತ್ತಲಿಲ್ಲ.

ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಅವನ ತೂಕ, ಟೈರಿನ ಗಾಳಿ, ರಸ್ತೆಯ ಇಳಿಜಾರು, ಯಾವುದನ್ನೂ ಬಿಡಲಿಲ್ಲ. ಉತ್ತರ ಇವತ್ತಿಗೂ ಸಿಕ್ಕಿಲ್ಲ. ಮರುವರ್ಷ ಆಯುಧಪೂಜೆಗೆ ನಾಚಿಕೆ ಬಿಟ್ಟು ಇಬ್ಬರ ಹೆಸರಲ್ಲೂ ಸಂಕಲ್ಪ ಮಾಡಿಸಿದೆ. ಅಣ್ಣನ ಬಾಗಿಲಿಗೆ ಹೋಗಿ, ಒಂದೇ ಒಂದು ಸಲ ಓಡಿಸಿ ನೋಡಣ್ಣ, ಸಂಶಯ ತೀರಿಹೋಗಲಿ ಎಂದು ಬೇಡಿಕೊಂಡೆ.

ಅವನು ಹೊಸ್ತಿಲ ಒಳಗೇ ನಿಂತಿದ್ದ. ಒಳಗೆ ಬಾ ಅನ್ನಲಿಲ್ಲ.

"ಈಗ ನೆಟ್ಟಗೆ ಹೋಗ್ಬುಟ್ರೆ, ಅವತ್ತು ನನ್ನ ಮೋರಿಗೆ ಎಳ್ದಿದ್ದು ನೀನೇ ಅಂತ ಆಗ್ಬುಡ್ತದೆ ಕಣೋ. ನಂಗದು ಬೇಡ," ಅಂದು ಬಾಗಿಲು ಹಾಕಿಕೊಂಡ.