ಖಳನ ಕಡೆಯವ

ನಾನು ಕೊಟ್ಟೂರಿನಲ್ಲಿ ಕಾಲೇಜು ಓದುತ್ತಿದ್ದಾಗ ನನ್ನ ಸೈಕಲ್ ರಿಪೇರಿ ಮಾಡುತ್ತಿದ್ದಾತ ಕಾಮಿಕ್ಸ್ ಓದುತ್ತಿದ್ದುದು ಖಳನಿಗಾಗಿ. ಆಕಾಶದಲ್ಲಿ ಹಾರುವ ಹೀರೋ ಬಂದರೆ ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚಿಬಿಡುತ್ತಿದ್ದ. ಮನಸ್ಸಿಲ್ಲದೆ ಕೇಡು ಮಾಡುವ ಖಳ ಸಿಕ್ಕರೆ ಮಾತ್ರ ಪಂಕ್ಚರ್ ಮರೆತು, "ಪಾಪ, ಅವನ ಸಂಕಟ ಯಾರಿಗೆ ಗೊತ್ತೈತ್ರಿ" ಎನ್ನುತ್ತಿದ್ದ.

ಬ್ರೇಕ್ ಸರಿಮಾಡಿದ ಮೇಲೆ ಗಿರಾಕಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಇಳಿಜಾರಿನಲ್ಲಿ ಬ್ರೇಕ್ ಹಿಡಿದು ತೋರಿಸುವುದು ಆತನ ಪದ್ಧತಿ. ಒಂದು ದಿನ ಹಾಗೆ ನಾನು ಹಿಂದೆ ಕೂತಿದ್ದೆ; ಕೂಡ್ಲಿಗಿ ರಸ್ತೆಯ ಇಳಿಜಾರಿನಲ್ಲಿ ಸೈಕಲ್ ಓಟ ಹಿಡಿದಾಗ ಆತನಿಗೆ ಹಿಂದಿನ ದಿನ ಓದಿದ ಖಳ ನೆನಪಾದ.

"ಈ ಕಡಿ ಅನ್ನ ಹಾಕಿದ ಸಾವ್ಕಾರ," ಎಂದು ಎಡಗೈ ಎತ್ತಿದ. "ಈ ಕಡಿ ಜೀವ ಉಳಿಸಿದ ಹೀರೋ," ಎಂದು ಬಲಗೈಯನ್ನೂ ಎತ್ತಿದ. "ಅವ ಯಾರನ್ನ ಬಿಡಬೇಕ್ರಿ?"

ಮುಂದೆ ಹುಲ್ಲಿನ ಬಂಡಿ ಹೋಗುತ್ತಿತ್ತು.

"ಇಬ್ಬರನ್ನೂ ಬಿಡು ಯಪ್ಪಾ, ಹ್ಯಾಂಡಲ್ ಹಿಡಿ," ಎಂದೆ.

"ಹಂಗ ಹೆಂಗ ಬಿಡಾಕ ಬರ್ತೈತ್ರಿ?" ಎಂದು ಆತ ವಾದಕ್ಕೆ ನನ್ನ ಕಡೆ ತಿರುಗಿದ.

ಆ ತಿರುಗಿದ ಮುಖ ನೆನಪಾಗಿ, ಬಸ್ಸು ಇಳಿಜಾರು ಇಳಿಯುವಾಗ ಈಗಲೂ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತೇನೆ.

ನಮ್ಮಿಬ್ಬರನ್ನೂ ಹುಲ್ಲಿನೊಳಗಿಂದ ಎಳೆದು ತೆಗೆದ ಬಂಡಿಯವ ಆತನನ್ನು ಕೇಳಿದ: "ಯಾಕಲೇ, ಕೈ ಇಲ್ಲೇನು ನಿನಗ?"

"ಎರಡು ಅದಾವಪ್ಪ," ಎಂದ ಆತ, ಕಿವಿಯೊಳಗಿನ ಹುಲ್ಲು ತೆಗೆಯುತ್ತ. "ಅದ ಸಂಕಟ."