ಬುಡನ್ ಸಾಬರ ಎರಡನೇ ತಪಾಸಣೆ

ಬುಡನ್ ಸಾಬರು ಬಾನೆಟ್ ಎತ್ತುವ ಮೊದಲು ಅದರ ಮೇಲೊಮ್ಮೆ ಅಂಗೈ ಇಡುತ್ತಾರೆ, ಮಗುವಿನ ಜ್ವರ ನೋಡುವವರ ಹಾಗೆ. ಕರೂರು ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷದಿಂದ ಹೀಗೇ. ಇವತ್ತು ಆ ಕೈ ತುಸು ಹೆಚ್ಚು ಹೊತ್ತು ನಿಂತಿತು. ಎಂ.ಸಿ.ಸಿ. ಬಡಾವಣೆಯ ಉಮಾಮಹೇಶ್ವರಿಯವರ ಕಾರು ಅದೇ ದೂರು ಹೊತ್ತು ಮತ್ತೆ ಬಂದಿತ್ತು: ಸ್ಟೇರಿಂಗಿನ ಮುಂದೆ ಎಂಜಿನ್ನಿನ ಹಳದಿ ದೀಪ.

ಹತ್ತು ದಿನದ ಹಿಂದೆ ಸ್ಕ್ಯಾನರ್ ಹಚ್ಚಿದಾಗ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನ ದೋಷ ಎಂದು ಬಂದಿತ್ತು. ಹೊಗೆಕೊಳವೆಯಲ್ಲಿ ಕೂತು ಎಂಜಿನ್ನಿನ ಉಸಿರು ನೋಡುವ ಸೆನ್ಸರ್ ಅದು. ಬಿಸಿಯಾಗದೆ ಕೆಲಸ ಮಾಡದು. ಅದನ್ನು ಕಾಯಿಸಲು ಒಳಗೊಂದು ಪುಟ್ಟ ಹೀಟರ್. ಸಾಬರು ಹೊಸ ಸೆನ್ಸರನ್ನೇ ಹಾಕಿ ಕಳಿಸಿದ್ದರು. ದೀಪ ಆರಿದ್ದು ಎರಡೇ ದಿನ.

"ನಾಳೆ ಬೆಳಿಗ್ಗೆ ಹಳೇ ಕಾರು ತಗಳ್ಳೋ ಎಕ್ಸ್‌ಚೇಂಜ್‌ನೋರು ಬರ್ತಾರಂತ್ರಿ," ಎಂದರು ಉಮಾಮಹೇಶ್ವರಿ. ಐವತ್ತಾರನೇ ವಯಸ್ಸಿನಲ್ಲಿ ಕಾರು ಕಲಿತವರು, ವಾರಕ್ಕೆರಡು ಸಲ ಕೊಂಡಜ್ಜಿಯ ಹೊಲಕ್ಕೆ ತಾವೇ ಹೋಗಿಬರುವವರು. "ದೀಪ ಆರದಿದ್ರೆ ಈ ಕಾರು ಕೊಟ್ಟು ಹೊಸಾದು ತಗಳ್ಳಾಣ, ನಿನಗೊಬ್ಬ ಡ್ರೈವರ್ ಇಡ್ತೀನಿ ಅಂತಾನೆ ಮಗ. ಡ್ರೈವರ್ ಹಿಂದ ಕೂತ್ಕಂಡು ನಾ ಏನ್ ಅಕ್ಕಿ ಆರಿಸ್ಲಾ?"

ಸಾಬರು ನಗಲಿಲ್ಲ. ಅಂದು ಬಿಚ್ಚಿಟ್ಟಿದ್ದ ಹಳೆಯ ಸೆನ್ಸರನ್ನು ತಂದು, ಅದರ ಎರಡು ಬಿಳಿ ವೈರುಗಳಿಗೆ ಮೀಟರ್ ಹಿಡಿದರು. ಆರು ಓಮ್. ಹೀಟರ್ ಗಟ್ಟಿಮುಟ್ಟಾಗಿತ್ತು. ಅಂದು ಸುಮ್ಮನೇ ಬದಲಿಸಿದ್ದರು. ಕೀ ತಿರುಗಿಸಿ, ಕಾರಿನ ಕಡೆಯ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಚುಚ್ಚಿದರು. ಅದು ಹೊತ್ತಲೇ ಇಲ್ಲ. ಕರೆಂಟೇ ಬರುತ್ತಿರಲಿಲ್ಲ.

ವೈರಿನ ಜಾಡು ಹಿಡಿದು ಫ್ಯೂಸ್ ಪೆಟ್ಟಿಗೆಗೆ ಬಂದು ಮುಚ್ಚಳ ತೆಗೆದರು. ಹೀಟರಿನ ಫ್ಯೂಸ್ ಸುಟ್ಟಿರಲಿಲ್ಲ. ಅದರ ಕಾಲಿಗೆ ಹಸಿರು ಕಿಲುಬು ಹಿಡಿದಿತ್ತು. ಸುತ್ತ ಬೂದಿಯಂಥದ್ದೇನೋ ಗಟ್ಟಿಯಾಗಿ ಕೂತಿತ್ತು. ಆಯುಧಪೂಜೆಯ ದಿನ ನೆನಪಾಯಿತು. "ಇದರ ಜೀವ ಎಲ್ಲೈತ್ರಿ?" ಎಂದು ಉಮಾಮಹೇಶ್ವರಿ ಕೇಳಿದ್ದರು. ಈ ಮುಚ್ಚಳ ತೆಗೆದು ತೋರಿಸಿದ್ದು ಸಾಬರೇ. ಆಕೆ ಒಂದೊಂದೇ ಫ್ಯೂಸಿಗೆ ವಿಭೂತಿ ಹಚ್ಚಿ ತೀರ್ಥ ಚಿಮುಕಿಸಿದ್ದರು. ಒರೆಸಿದರೆ ಅಪಚಾರವಾದೀತೆಂದು ಸಾಬರು ಹಸಿಯಾಗಿದ್ದಾಗಲೇ ಮುಚ್ಚಿಬಿಟ್ಟಿದ್ದರು.

ಮಳೆನೀರು ಹೋಗಿತ್ತು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಮುಂದಿನ ಆಯುಧಪೂಜೆ ಬಾರದೆ ಇರುತ್ತದೆಯೇ?

"ಅವ್ವಾರೆ, ಬೈಬ್ಯಾಡ್ರಿ," ಎಂದು ಫ್ಯೂಸನ್ನು ಅಂಗೈಲಿಟ್ಟು ತೋರಿಸಿದರು.

ಆಕೆ ಕನ್ನಡಕ ಏರಿಸಿದರು. "ಅಯ್ಯೋ ಶಿವನೇ! ನನ್ನ ಈಬತ್ತಿ ಅಲ್ವೇನ್ರಿ ಇದು?"

"ನೀವು ಹಚ್ಚಿದ್ರಿ, ನಾ ಹಸಿ ಇದ್ದಂಗೇ ಮುಚ್ಚಿದೆ. ಆ ತಪ್ಪು ಅರ್ಧರ್ಧ. ಕರೆಂಟ್ ನೋಡ್ದೆ ಸೆನ್ಸರ್ ಬದ್ಲಿಸಿದ್ದು ಪೂರಾ ನಂದು."

"ಆ ಮಿಷಿನ್ ಹೇಳ್ಲಿಲ್ವಾ?"

"ಅದು ಓಣಿ ಹೆಸರು ಹೇಳ್ತೈತ್ರಿ. ಮನೆ ನಾವೇ ಹುಡುಕ್ಬೇಕು."

ಉಮಾಮಹೇಶ್ವರಿ ಕನ್ನಡಕ ಇಳಿಸಿ, "ಹೋಗ್ಲಿ ಬಿಡ್ರಿ, ಇನ್ಮೇಲೆ ಮುಚ್ಚಳಕ್ಕೇ ಹಚ್ತೀನಿ," ಎಂದರು.

ಸಾಬರು ಬ್ಯಾಟರಿಯ ತಂತಿ ಬಿಚ್ಚಿ, ಕಿಲುಬು ಕೆರೆದು, ಹೊಸ ಫ್ಯೂಸ್ ಕೂರಿಸಿದರು. ತಂತಿ ಮತ್ತೆ ಜೋಡಿಸಿದಾಗ ಟೆಸ್ಟ್ ಲ್ಯಾಂಪ್ ಬೆಳಗಿತು. ಬೇಡದ ಖರ್ಚಾಗಿದ್ದ ಹೊಸ ಸೆನ್ಸರ್ ಬಿಚ್ಚಿಕೊಂಡು ಹಳೆಯದನ್ನೇ ಮತ್ತೆ ಹಾಕಿ, ಸ್ಕ್ಯಾನರಿನಿಂದ ದೂರು ಅಳಿಸಿದರು. "ಎಂಜಿನ್ ತಣ್ಣಗಾದ ಮೇಲೇ ಇದರ ಪರೀಕ್ಷೆ. ಬೆಳಿಗ್ಗೆ ಮನಿಗೆ ಬರ್ತೀನಿ."

ಬೆಳಿಗ್ಗೆ ಸಾಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಮಾಮಹೇಶ್ವರಿ ಕಾರು ಹೊರಡಿಸಿದರು. ಹರಿಹರದ ಹೊಳೆಯವರೆಗೆ ಹೋಗಿ ತಿರುಗಿದರು. ದಾರಿಯುದ್ದಕ್ಕೂ ಇಬ್ಬರ ಕಣ್ಣೂ ದೀಪವಿರುವ ಜಾಗದಲ್ಲೇ. ಎದುರಿನ ಬಸ್ಸಿನವನು ಹಾರನ್ ಹೊಡೆದು ಎಚ್ಚರಿಸಬೇಕಾಯಿತು. ದೀಪ ಹೊತ್ತಲಿಲ್ಲ. ಸ್ಕ್ಯಾನರೂ ಹೀಟರ್ ಸರಿಯಿದೆ ಎಂದಿತು.

ಮನೆಯ ಗೇಟಿನ ಬಳಿ ಮಗ ನಾಗಭೂಷಣನೂ, ಫೈಲು ಹಿಡಿದ ಎಕ್ಸ್‌ಚೇಂಜಿನವನೂ ಕಾಯುತ್ತಿದ್ದರು. ಉಮಾಮಹೇಶ್ವರಿ ಎಂಜಿನ್ ಆರಿಸದೆ ಗಾಜು ಇಳಿಸಿದರು.

"ನಾಗಾ, ದೀಪ ಆರೈತೆ. ಅವರಿಗೆ ಚಾ ಕೊಟ್ಟು ಕಳಿಸು, ನಾ ಕೊಂಡಜ್ಜಿಗೆ ಹೊಂಟೆ." ಆಮೇಲೆ ಪಕ್ಕಕ್ಕೆ ತಿರುಗಿ, "ಇಳೀರಿ ಸಾಬ್ರೆ, ಒಂದು ಸೀಟ್ ಬೆಲ್ಟ್ ಬಿಚ್ಚಾಕ ಇಷ್ಟೊತ್ತಾ?"