ಊಟದ ಟೇಬಲ್ಲಿನ ಮೂರು ದೀಪ

ನಮ್ಮ ರಾಯಚೂರಿನ ಮನೆಯಲ್ಲಿ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಗೋಡೆ ಇಲ್ಲ. ಅದು ನನ್ನ ಹಟ. ಮೇಸ್ತ್ರಿ ಒಪ್ಪಿದ, ನನ್ನ ಗಂಡ ಒಪ್ಪಿದರು. ನಮ್ಮವ್ವ ಮಾತ್ರ, "ಒಗ್ಗರಣಿ ಘಾಟು ಮನಿ ತುಂಬ ಆಗ್ತದಲ್ಲವ್ವ" ಎಂದಳು. ಆಗಲಿ ಬಿಡು ಅಂದೆ. ನನಗೆ ಬೇಕಾಗಿದ್ದುದು ಅಡುಗೆ ನಾಲ್ಕು ಜನರಿಗೆ ಕಾಣುವುದು.

ನಾವು ಮಾನ್ವಿ ಕಡೆಯ ಹಳ್ಳಿಯೊಂದರ, ಊರ ಹೊರಗಿನ ಕೇರಿಯವರು. ನಾನೀಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಗಳೂ ಕೈಯಿಂದ ಕೈಗೆ ಓಡಾಡುತ್ತವೆ; ನನ್ನದು ನನ್ನ ಮುಂದೆಯೇ ಇರುತ್ತದೆ. ಒಮ್ಮೆ ಹಿಂದಿ ಮೇಡಂ ನಗುನಗುತ್ತಲೇ, "ನಿಮ್ಮ ಮನ್ಯಾಗ ಹೆಂಗ ಮಾಡ್ತೀರೋ ಏನೋ, ನಮಗ ಗೊತ್ತಿಲ್ಲ ನೋಡ್ರಿ" ಅಂದಿದ್ದರು. ಗೊತ್ತಿಲ್ಲವಾದರೆ ತೋರಿಸಿದರಾಯಿತು ಅಂದುಕೊಂಡೆ. ಒಲೆ, ಪಾತ್ರೆ, ನೀರಿನ ಕೊಡ ಎಲ್ಲವೂ ಕೂತಲ್ಲಿಂದಲೇ ಕಾಣಲಿ, ಒಂದು ಸಲವಾದರೂ ಅವರು ನನ್ನ ಮನೆಯಲ್ಲಿ ಉಣ್ಣಲಿ. ಆಸೆ ಇಷ್ಟೇ ಇತ್ತು.

ಎಲೆಕ್ಟ್ರಿಷಿಯನ್ ಎಲ್ಲರ ಮನೆಯಲ್ಲಿ ಮಾಡುವಂತೆ ಅಡುಗೆ ಕಟ್ಟೆಗೆ ಬಿಳಿ ಟ್ಯೂಬ್‌ಲೈಟು, ಡೈನಿಂಗ್ ಟೇಬಲ್ಲಿಗೆ ಹಳದಿ ಬೆಳಕಿನ ದೀಪ ಹಾಕಿದ. ಸಂಜೆ ಸ್ವಿಚ್ ಒತ್ತಿ ನೋಡಿದರೆ, ಎರಡು ಬೆಳಕು ಕೂಡುವ ಕಡೆ ನೆಲದ ಮೇಲೆ ಗೀಟು ಎಳೆದ ಹಾಗಿತ್ತು. ನನಗೆ ಮೈ ಉರಿಯಿತು. ನಾನು ಸಣ್ಣವಳಿದ್ದಾಗ ಸುಗ್ಗಿಯ ಕೂಲಿಗೆ ಹೋದರೆ ಊರ ಗೌಡರ ಮನೆಯಂಗಳದಲ್ಲಿ ನಮಗೆ ಸಂಜೆಯ ಊಟ ಹಾಕುತ್ತಿದ್ದರು. ಪಡಸಾಲೆಯ ದೀಪದ ಬೆಳಕು ಎಲ್ಲಿ ಮುಗಿಯುತ್ತಿತ್ತೋ ಅದರಾಚೆ ಅವ್ವ, ನಾನು ಕೂತು ಉಣ್ಣುತ್ತಿದ್ದೆವು. ಆ ಗೀಟು ನನ್ನ ಮನೆಯೊಳಗೂ ಬರುವುದು ಬೇಡವಾಗಿತ್ತು.

ಅಂಗಡಿಗಳನ್ನು ಅಲೆದು ಹಿತ್ತಾಳೆ ಬಣ್ಣದ ತೂಗುದೀಪಗಳನ್ನು ತಂದೆ. ಟೇಬಲ್ಲಿನ ಮೇಲೆ ಮೂರು ದೊಡ್ಡವು, ಕಟ್ಟೆಯ ಮೇಲೆ ಅದೇ ನಮೂನೆಯ ಸಣ್ಣವು. ಎಲ್ಲಕ್ಕೂ ಒಂದೇ ಬಣ್ಣದ ಬಲ್ಬು. ಕೂತವರ ಕಣ್ಣಿಗೆ ಚುಚ್ಚಬಾರದು, ಎದುರಿಗಿರುವವರ ಮುಖಕ್ಕೆ ಮರೆಯಾಗಬಾರದು ಎಂದು ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತರ ಗೊತ್ತುಮಾಡಿದೆ. ಏಣಿ ಹಿಡಿದು ನಿಂತಿದ್ದ ನನ್ನ ಗಂಡ ದೇವದುರ್ಗದವರು, ಬಾಯಿ ಸುಮ್ಮನಿರುವುದಿಲ್ಲ. "ಬಲ್ಬ್ ನೋಡಿ ಉಣ್ಣಾಕ ಯಾರ್ ಬರ್ತಾರ?" ಎಂದರು. ಬರ್ತಾರ ಸುಮ್ನಿರ್ರಿ ಅಂದೆ.

ಬಂದರು. ದೀಪ ಕಾಣಲೆಂದು ಸ್ಟಾಫಿನವರನ್ನೆಲ್ಲ ಸಂಜೆಗೇ ಕರೆದಿದ್ದೆ. ಮಾಂಸದ ಸುದ್ದಿಯೇ ಇಲ್ಲ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಬಿಸಿ ರೊಟ್ಟಿ, ಹೋಳಿಗೆ. ಅವ್ವ ಹೊಸ ಸೀರೆಯುಟ್ಟು ರೊಟ್ಟಿ ಬಡಿಯುತ್ತಿದ್ದಳು. ಎಲ್ಲರೂ ದೀಪಗಳ ಕೆಳಗೆ ನಿಂತು ಫೋಟೊ ತೆಗೆದುಕೊಂಡರು. "ಎಷ್ಟ್ ಚಂದ ಮ್ಯಾಚ್ ಆಗ್ಯಾವ್ರಿ, ಎಲ್ಲಿ ತಗೊಂಡ್ರಿ?" ಎಂದು ಹಿಂದಿ ಮೇಡಂ ಕೇಳಿದರು. ನಾನು ಉಬ್ಬಿಹೋಗಿ ಅಂಗಡಿಯ ದಾರಿ ಹೇಳಿದೆ.

ತಾಟು ಇಡತೊಡಗಿದಾಗ ಒಬ್ಬರಿಗೆ ಅಂದು ಉಪವಾಸ, ಒಬ್ಬರಿಗೆ ಹೊಟ್ಟೆ ಸರಿಯಿಲ್ಲ, ಉಳಿದವರದು ಮನೆಯಲ್ಲೇ ಊಟವಾಗಿತ್ತು. "ಬಾಳಿಹಣ್ಣು ಕೊಡ್ರಿ, ಸಾಕು" ಎಂದರು ಹಿಂದಿ ಮೇಡಂ. ಸಿಪ್ಪೆಯಿರುವ ಹಣ್ಣನ್ನು ಎಲ್ಲರೂ ತೆಗೆದುಕೊಂಡರು. ನೀರಿನ ಬಾಟಲಿ ಅವರವರ ಚೀಲದಲ್ಲೇ ಇತ್ತು. ಅವ್ವ ಕೈ ನಿಲ್ಲಿಸಿ ನೋಡಿದಳು, ಮತ್ತೆ ರೊಟ್ಟಿ ಬಡಿಯತೊಡಗಿದಳು. ಗೋಡೆ ಇದ್ದಿದ್ದರೆ ಅವಳಿಗೆ ಇದು ಕಾಣುತ್ತಿರಲಿಲ್ಲ.

ಅವರು ಹೋದ ಮೇಲೆ ನಾನು ಅತ್ತುಬಿಟ್ಟೆ. ಅವ್ವ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಗೌಡರ ಮನ್ಯಾಗ ಕತ್ತಲಾಗ ಕುಂದ್ರತಿದ್ವಿ, ಯಾರ ಮಾರಿ-ಮುಖಾನೂ ಕಾಣ್ತಿರ್ಲಿಲ್ಲ. ಈಗ ನೀ ಲೈಟ್ ಹಾಕಿ ತೋರಿಸಿದಿ ನೋಡವ್ವ" ಎಂದು ಟೇಬಲ್ಲಿನ ಮೂರೂ ದೀಪ ಆರಿಸಿ, ಕಟ್ಟೆಯ ಪಕ್ಕ ನೆಲದ ಮೇಲೆ ಕೂತಳು. ನಾವಿಬ್ಬರೂ ಅಲ್ಲೇ ಕೂತು ಉಂಡೆವು. ರೊಟ್ಟಿ ಬುಟ್ಟಿ ತುಂಬ ಉಳಿಯಿತು.

ಈಚೆಗೆ ಹಿಂದಿ ಮೇಡಂ ತಮ್ಮ ಹೊಸ ಮನೆಗೆ ಅದೇ ದೀಪಗಳನ್ನು ಹಾಕಿಸಿದ್ದಾರೆ. "ನಿಮ್ಮಂಥವಽ ನೋಡ್ರಿ" ಎಂದು ಊಟದ ಬಿಡುವಿನಲ್ಲಿ ಫೋನು ನನ್ನ ಕೈಗೆ ಕೊಟ್ಟರು. ಫೋಟೊದಲ್ಲಿ ಮೂರು ದೀಪ, ಕೆಳಗೆ ಟೇಬಲ್ಲಿನ ಸುತ್ತ ನಮ್ಮ ಸ್ಟಾಫೆಲ್ಲ ಕೂತು ಹೋಳಿಗೆ ಉಣ್ಣುತ್ತಿದ್ದಾರೆ. ಆ ಊಟ ಯಾವತ್ತು ನಡೆಯಿತೋ ನನಗೆ ಗೊತ್ತಿಲ್ಲ. ಬೆಳಕು ಚೆನ್ನಾಗಿ ಬಿದ್ದಿತ್ತು, ಒಬ್ಬೊಬ್ಬರ ಮುಖವೂ ನಿಚ್ಚಳವಾಗಿತ್ತು. "ಚಂದ ಅದಾವ್ರಿ" ಎಂದು ಫೋನು ಹಿಂದಕ್ಕೆ ಕೊಟ್ಟು ನನ್ನ ಡಬ್ಬಿ ತೆರೆದೆ.